ದೆವ್ವ ಬಾರದ ಚಿತ್ರ

ಹೋದ ಬೇಸಗೆಯಲ್ಲಿ ರಾರಾವಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಕುಳಿತು, ಒಂದರ ಹಿಂದೊಂದರಂತೆ ಎರಡು ರಾತ್ರಿ ಎರಡು ಚಿತ್ರಗಳನ್ನು ನೋಡಿದೆ. ಒಂದು ಅಮೆರಿಕದ್ದು, ಇನ್ನೊಂದು ನಮ್ಮದು. ಎರಡೂ ಕಪ್ಪು-ಬಿಳುಪಿನವು, ಎರಡೂ ೧೯೭೭ರವು, ಎರಡೂ ಅವುಗಳ ನಿರ್ದೇಶಕರ ಮೊದಲ ಪೂರ್ಣಪ್ರಮಾಣದ ಚಿತ್ರಗಳು. ಒಬ್ಬ ಲಾಸ್ ಏಂಜಲೀಸಿನ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಬಂದವನು, ಇನ್ನೊಬ್ಬರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಬಂದವರು. ಒಬ್ಬರ ಹೆಸರನ್ನು ಇನ್ನೊಬ್ಬರು ಆಗ ಕೇಳಿದ್ದಿರಲಾರದು. ಆದರೂ ಎರಡು ಚಿತ್ರಗಳ ಗರ್ಭದಲ್ಲಿಯೂ ಇರುವ ಸಂಗತಿ ಒಂದೇ: ಯಾರಿಗೂ ಬೇಡವಾದ ಒಂದು ಶಿಶು. ಮೊದಲನೆಯದು ಡೇವಿಡ್ ಲಿಂಚನ ‘ಇರೇಸರ್‌ಹೆಡ್’. ಎರಡನೆಯದು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’.

ಮೊದಲನೆಯದನ್ನು ತೋರಿಸಿದವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಓದುತ್ತಾನೆ, ರಜೆಗೆ ಊರಿಗೆ ಬರುವಾಗ ಬಟ್ಟೆಗಿಂತ ಹೆಚ್ಚು ಸಿನಿಮಾಗಳನ್ನು ಕಟ್ಟಿಕೊಂಡು ಬರುತ್ತಾನೆ. “ಮಾಮಾ, ಇದನ್ನ ನೋಡಿ ನೀವು ಹೆದರಲಿಲ್ಲ ಅಂದ್ರ ನಾನು ಇನ್ನ ನಿಮಗ ಯಾವ ಸಿನಿಮಾನೂ ತೋರಿಸಂಗಿಲ್ಲ” ಎಂದು ಪಣ ಕಟ್ಟಿದ. ಆ ಪಣದಲ್ಲಿ ಯಾರು ಗೆದ್ದರೆಂಬುದು ಇಂದಿಗೂ ತೀರ್ಮಾನವಾಗಿಲ್ಲ. ಈ ಬರಹವನ್ನು ಆ ವ್ಯಾಜ್ಯದ ಒಂದು ಕಡೆಯ ಅರ್ಜಿಯೆಂದು ಓದುಗರು ಭಾವಿಸಬಹುದು.

‘ಇರೇಸರ್‌ಹೆಡ್’ ನೋಡದವರಿಗಾಗಿ ಅದರ ಕಥೆಯನ್ನು ಹೇಳಹೊರಟರೆ ಕಥೆ ಕೈಗೆ ಸಿಕ್ಕುವುದಿಲ್ಲ. ಹೆನ್ರಿ ಎಂಬುವನೊಬ್ಬ ಅಚ್ಚುಕೂಟದ ನೌಕರ, ಕಾರ್ಖಾನೆಗಳ ನಡುವಿನ ಒಂದು ಹಾಳು ಊರು, ಒಂದು ಕೋಣೆ. ಅವನು ಒಲಿದ ಹುಡುಗಿಯ ಮನೆಯಲ್ಲಿ ಊಟಕ್ಕೆ ಕರೆಯುತ್ತಾರೆ. ತಟ್ಟೆಯಲ್ಲಿ ಅಂಗೈಯಷ್ಟೇ ಅಗಲದ ಬೆಂದ ಕೋಳಿ. ಚಾಕು ತಾಗಿಸಿದರೆ ಅದು ಕಾಲಾಡಿಸಿ ಕಪ್ಪು ರಕ್ತವನ್ನು ಕಾರುತ್ತದೆ. ಊಟದ ನಡುವೆ ಅವನಿಗೆ ತಿಳಿಯುವುದೇನೆಂದರೆ ಅವನಿಗೊಂದು ಮಗು ಹುಟ್ಟಿದೆ. ಅದು ಮಗುವೇ ಎಂಬ ವಿಷಯದಲ್ಲಿ ತಾಯಿಗೇ ಸಂದೇಹ. ಬಟ್ಟೆಪಟ್ಟಿಯಲ್ಲಿ ಸುತ್ತಿದ ಕೈಕಾಲಿಲ್ಲದ ಮೈ, ಚರ್ಮ ಸುಲಿದ ಕುರಿಮರಿಯಂಥ ತಲೆ, ಎಡೆಬಿಡದ ಅಳು. ತಾಯಿ ಆ ಅಳುವನ್ನು ತಾಳಲಾರದೆ ತವರಿಗೆ ಹೋಗುತ್ತಾಳೆ. ಹೆನ್ರಿ ಅದರೊಡನೆ ಒಬ್ಬನೇ ಉಳಿಯುತ್ತಾನೆ. ಕೊನೆಗೆ ಕತ್ತರಿ ಹಿಡಿದು ಆ ಪಟ್ಟಿಯನ್ನು ಕತ್ತರಿಸುತ್ತಾನೆ. ಆಮೇಲೆ ಕಾಣಿಸುವುದನ್ನು ಭಾನುವಾರದ ಪತ್ರಿಕೆಯಲ್ಲಿ ಬರೆಯುವುದು ಬೇಡ. ಆ ಶಿಶುವಿನ ಬೊಂಬೆಯನ್ನು ಯಾವುದರಿಂದ ಮಾಡಿದೆನೆಂಬುದನ್ನು ಲಿಂಚ್ ೨೦೨೫ರಲ್ಲಿ ತೀರಿಕೊಳ್ಳುವವರೆಗೂ ಯಾರಿಗೂ ಹೇಳಲಿಲ್ಲ. ೮೯ ನಿಮಿಷಗಳ ಈ ಚಿತ್ರಕ್ಕೆ ಅವನಿಗೆ ಸುಮಾರು ಐದು ವರ್ಷ ಹಿಡಿಯಿತು.

ನೋಡುವುದಕ್ಕಿಂತ ಕೇಳುವುದೇ ಈ ಚಿತ್ರದಲ್ಲಿ ಹೆಚ್ಚು ಕಷ್ಟ. ಮೊದಲಿನಿಂದ ಕೊನೆಯವರೆಗೆ ಎಲ್ಲೋ ಗೋಡೆಯ ಹಿಂದೆ ಯಂತ್ರವೊಂದು ತಿರುಗುತ್ತಿರುವ ಹಾಗೆ ಗುಂಯ್‌ಗುಡುವ ನಾದ. ಅಲನ್ ಸ್ಪ್ಲೆಟ್ ಎಂಬ ಶಬ್ದಗಾರನೂ ಲಿಂಚನೂ ಕೂಡಿ ಕಟ್ಟಿದ ನಾದವದು. ನಾವು ನೋಡುತ್ತಿದ್ದಾಗ ಅರ್ಧದಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ಚಿತ್ರ ನಡೆದೇ ಇತ್ತು. ಸಿರುಗುಪ್ಪದ ಸೀಮೆಯವರಿಗೆ ಅಕ್ಕಿಗಿರಣಿಯ ಸದ್ದು ಉಸಿರಾಟದಷ್ಟು ಸಹಜ; ಅದು ಇದೆಯೆಂಬುದೇ ನಮಗೆ ತಿಳಿಯುವುದಿಲ್ಲ. ಅಂದು ಗಿರಣಿ ನಿಂತಿತು. ಆದರೆ ಗುಂಯ್‌ಗುಡುವುದು ನಿಲ್ಲಲಿಲ್ಲ! ಒಂದು ಕ್ಷಣ ನನ್ನ ಮೈ ಜುಮ್ಮೆಂದಿತು. ಆ ಕ್ಷಣದ ಮಟ್ಟಿಗೆ ಹುಡುಗ ಪಣವನ್ನು ಗೆದ್ದನೆಂದು ಒಪ್ಪಿಕೊಳ್ಳುತ್ತೇನೆ.

ಚಿತ್ರ ಮುಗಿದ ಮೇಲೆ, “ಇದೆಲ್ಲ ಯಾತಕ್ಕೆ?” ಎಂದು ನಾನು ಕೇಳಿದ್ದೇ ತಪ್ಪಾಯಿತು. “ಕನಸಿನಾಗ ಹೆದರಿದಾಗ ಯಾಕ ಹೆದರಿದೆ ಅಂತ ಕೇಳ್ತೀರೇನು, ಮಾಮಾ?” ಎಂದ. ಮಾತು ತೀಕ್ಷ್ಣವಾದದ್ದು. ಮರುದಿನವೆಲ್ಲ ಅದಕ್ಕೆ ಉತ್ತರ ಹುಡುಕಿದೆ.

ನಮ್ಮ ಕಡೆಯವರಿಗೆ ಸಿನಿಮಾದ ಭಯ ಹೊಸದಲ್ಲ. ರಾರಾವಿ ಹಗರಿಯ ದಡದ ಊರು. ಹೊಳೆ ದಾಟಿ ಹಾಗೆಯೇ ಸಾಗಿದರೆ ಆದವಾನಿ. ೧೯೫೩ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ ಆಂಧ್ರಕ್ಕೆ ಹೋಯಿತು, ನಾವು ಮೈಸೂರಿಗೆ ಬಂದೆವು. ಆದರೆ ಹತ್ತಿಯ ವ್ಯಾಪಾರಕ್ಕೂ ಸಿನಿಮಾದ ಹುಚ್ಚಿಗೂ ಗಡಿ ಯಾವುದು? ನನ್ನ ಬಾಲ್ಯದಲ್ಲಿ ಆದವಾನಿಗೆ ಹೋದವರೆಲ್ಲ ಬಿ. ವಿಠಲಾಚಾರ್ಯರ ತೆಲುಗು ಚಿತ್ರಗಳನ್ನು ನೋಡಿಕೊಂಡು ಬರುತ್ತಿದ್ದರು. ಉಡುಪಿಯ ಸೀಮೆಯಲ್ಲಿ ಹುಟ್ಟಿ, ಕನ್ನಡ ಚಿತ್ರಗಳಿಂದಲೇ ಆರಂಭಿಸಿ, ತೆಲುಗರಿಗೆ ಮಾಯಾಮಂತ್ರದ ಲೋಕವನ್ನೇ ಕಟ್ಟಿಕೊಟ್ಟ ಪುಣ್ಯಾತ್ಮರು ಅವರು. ಎಲುಬಿನ ಹಂದರಗಳು ಕುಣಿಯುತ್ತಿದ್ದವು, ತಲೆಗಳು ಹಾರುತ್ತಿದ್ದವು. ೧೯೭೮ರ ‘ಜಗನ್ಮೋಹಿನಿ’ಯಲ್ಲಿ ದೆವ್ವವೊಂದು ಸೌದೆಗೆ ಬದಲಾಗಿ ತನ್ನ ಕಾಲನ್ನೇ ಒಲೆಗಿಟ್ಟು ಅಡುಗೆ ಮಾಡುತ್ತದೆ. ನಾವು ಚೀರಿದೆವು, ಮರುಗಳಿಗೆಯಲ್ಲೇ ನಕ್ಕೆವು. ರಾತ್ರಿ ನೆಮ್ಮದಿಯಿಂದ ಮಲಗಿದೆವು. ಭರತಮುನಿ ಹಾಸ್ಯಕ್ಕೆ ಬಿಳಿಯ ಬಣ್ಣವನ್ನೂ ಭಯಾನಕಕ್ಕೆ ಕರಿಯ ಬಣ್ಣವನ್ನೂ ಕೊಟ್ಟಿದ್ದಾನಷ್ಟೆ. ವಿಠಲಾಚಾರ್ಯರು ಅವೆರಡನ್ನೂ ಒಂದೇ ಕೊಡದಲ್ಲಿ ಕಲಸಿಬಿಟ್ಟರು. ಬಂದ ದೆವ್ವ ಹೋಗಿಯೇ ತೀರುತ್ತದೆಂಬ ಭರವಸೆ ಅಲ್ಲಿತ್ತು.

ಬಯಲುಸೀಮೆಯ ದೆವ್ವಗಳೂ ಬೇರೆಯೇ ಎಂಬುದನ್ನು ಇಲ್ಲಿ ಹೇಳಬೇಕು. ಮಲೆನಾಡಿನವರಿಗೆ ರಾತ್ರಿಯ ಕಾಡಿನ ಹೆದರಿಕೆ. ನಮಗೆ ಮಟಮಟ ಮಧ್ಯಾಹ್ನದ್ದು. ಎರೆಭೂಮಿಯಲ್ಲಿ ಅಡಗಲು ಗಿಡವಿಲ್ಲ, ಗುಡ್ಡವಿಲ್ಲ. ಹಗರಿಯ ಮರಳು ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಆ ಬೆಳಕಿನಲ್ಲಿಯೇ ಸುಂಟರಗಾಳಿ ಎದ್ದು ಬರುತ್ತದೆ. “ಗಾಳಿ ಸೋಕಿತು” ಎನ್ನುತ್ತಾರೆ. ಮರೆಯಿಲ್ಲದ ಕಡೆ ಹುಟ್ಟುವ ಭಯವದು. ‘ಘಟಶ್ರಾದ್ಧ’ದ ಭಯವನ್ನು ಮಲೆನಾಡಿನ ಕತ್ತಲೆಯ ಭಯವೆಂದು ವಿಮರ್ಶಕರು ಬರೆದಾಗಲೆಲ್ಲ ನನಗೆ ಅನುಮಾನ. ಆ ಚಿತ್ರದ ಅತ್ಯಂತ ಭಯಂಕರವಾದ ದೃಶ್ಯ ಹಗಲಿನದು.

ಎರಡನೆಯ ರಾತ್ರಿ ನನ್ನ ಸರದಿ. ನನ್ನಲ್ಲಿದ್ದದ್ದು ಗೀರುಬಿದ್ದ ಹಳೆಯ ಪ್ರತಿ. ಬೆಳಕು ಬೂದಿಯ ಹಾಗೆ, ಕತ್ತಲೆ ಮಸಿಯ ಹಾಗೆ. ಈ ಚಿತ್ರದ ಸಂಸ್ಕರಿಸಿದ ಪ್ರತಿ ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು, ಸಂತೋಷ. ಅದು ಬಳ್ಳಾರಿಯ ಪರದೆಯ ಮೇಲೂ ಒಂದು ದಿನ ಬೀಳಲಿ ಎಂದು ಹಾರೈಸುವುದರಲ್ಲಿ ದುರಾಸೆಯೇನೂ ಇಲ್ಲವಷ್ಟೆ.

ಯು. ಆರ್. ಅನಂತಮೂರ್ತಿಯವರ ಸಣ್ಣಕಥೆಯನ್ನು ಆಧರಿಸಿ, ಸದಾನಂದ ಸುವರ್ಣರ ನಿರ್ಮಾಣದಲ್ಲಿ, ಇಪ್ಪತ್ತೇಳರ ವಯಸ್ಸಿನ ಕಾಸರವಳ್ಳಿಯವರು ಮಾಡಿದ ಚಿತ್ರವಿದು. ಛಾಯಾಗ್ರಹಣ ಎಸ್. ರಾಮಚಂದ್ರ ಅವರದು, ಸಂಗೀತ ಬಿ. ವಿ. ಕಾರಂತರದು. ಆ ವರ್ಷದ ಸ್ವರ್ಣಕಮಲ ಚಿತ್ರಕ್ಕೆ ಬಂತು. ಸಂಗೀತಕ್ಕೆ ಕಾರಂತರೂ, ಬಾಲನಟನೆಗೆ ಅಜಿತ್ ಕುಮಾರನೂ ರಾಷ್ಟ್ರಪ್ರಶಸ್ತಿ ಪಡೆದರು. ಕನ್ನಡದಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ಯಿಂದಾಚೆಗೆ, ಎಂದರೆ ೧೯೬೪ರಿಂದ, ಬಣ್ಣ ಬಂದಾಗಿತ್ತು. ಕಪ್ಪು-ಬಿಳುಪು ಬಡವರ ಪಾಲಿಗೆ ಉಳಿದಿತ್ತು. ಆ ಬಡತನವನ್ನೇ ಈ ತಂಡ ಬಂಡವಾಳ ಮಾಡಿಕೊಂಡಿತು.

ಕಥೆ ಬಹುಮಂದಿಗೆ ತಿಳಿದದ್ದೇ. ಉಡುಪರ ವೇದಪಾಠಶಾಲೆಗೆ ನಾಣಿ ಎಂಬ ಎಳೆಯ ಹುಡುಗ ಬಂದು ಸೇರುತ್ತಾನೆ. ದೊಡ್ಡ ಹುಡುಗರು ಕಾಡಿಸುತ್ತಾರೆ. ಮನೆಯಲ್ಲಿ ಉಡುಪರ ಮಗಳು, ಎಳೆವಯಸ್ಸಿನ ವಿಧವೆ ಯಮುನಾ, ಅವನಿಗೆ ಅಕ್ಕನಂತೆ, ತಾಯಿಯಂತೆ. ಉಡುಪರು ಊರಿನಲ್ಲಿಲ್ಲದಾಗ ಯಮುನಕ್ಕ ಶಾಲೆಯ ಮೇಷ್ಟರಿಂದ ಗರ್ಭವತಿಯಾಗಿರುವ ಸುದ್ದಿ ಅಗ್ರಹಾರದಲ್ಲಿ ಪಿಸುಗುಟ್ಟತೊಡಗುತ್ತದೆ. ಸಾಯಲೆಂದು ಅವಳು ಹುತ್ತದೊಳಗೆ ಕೈಯಿಡುತ್ತಾಳೆ. ಒಂದು ರಾತ್ರಿ ಊರಾಚೆಯ ಗುಡಿಸಲಿನಲ್ಲಿ ಗರ್ಭವನ್ನು ತೆಗೆಯುತ್ತಾರೆ. ಉಡುಪರು ಹಿಂದಿರುಗಿ, ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾರೆ. ತಂದೆ ಬಂದು ನಾಣಿಯನ್ನು ಕರೆದೊಯ್ಯುವಾಗ ಅವಳು ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತಿದ್ದಾಳೆ.

ಚಿತ್ರದ ಉದ್ದಕ್ಕೂ ನಾವು ಆ ಹುಡುಗನ ಎತ್ತರದಲ್ಲಿಯೇ ಇದ್ದೇವೆ. ಅವನಿಗೆ ಅರ್ಥವಾದಷ್ಟೇ ನಮಗೂ ಕಾಣುತ್ತದೆ. ಅರ್ಥವಾಗದೆ ಉಳಿದದ್ದು ಕಿವಿಗೆ ಬೀಳುತ್ತದೆ. ಭಯಚಿತ್ರದ ಕಲೆಯ ಮರ್ಮವೇ ಇದು. ಹೆನ್ರಿಯ ಕೋಣೆಯಲ್ಲಿ ಎಲ್ಲವೂ ಕಣ್ಣೆದುರಿಗೆ ಬಂದು ನಿಲ್ಲುತ್ತದೆ: ಮಗು, ರಕ್ತ, ಹುಳು. ಉಡುಪರ ಮನೆಯಲ್ಲಿ ಏನೂ ಎದುರಿಗೆ ಬರುವುದಿಲ್ಲ. ದೀಪ ಇದ್ದಷ್ಟು ದೂರ ಮುಖ, ಆಚೆಗೆ ಮಸಿ. ಹುತ್ತದೊಳಗೆ ಕೈಯಿಟ್ಟಾಗ ವಿಠಲಾಚಾರ್ಯರಾಗಿದ್ದರೆ ಹಾವೊಂದು ಎದ್ದು ಮಾತಾಡುತ್ತಿತ್ತು. ಇಲ್ಲಿ ಹಾವು ಕಚ್ಚುವುದಿಲ್ಲ. ಸಾವು ಕೂಡ ಅವಳನ್ನು ಮುಟ್ಟಲೊಲ್ಲದು. ಆ ಅಗ್ರಹಾರದಲ್ಲಿ ಅವಳನ್ನು ಮುಟ್ಟಿ ಮಾತನಾಡಿಸುವವನು ಈ ಹುಡುಗನೊಬ್ಬನೇ. ಅವನನ್ನೂ ಕೊನೆಗೆ ಕೈಹಿಡಿದು ಎಳೆದೊಯ್ಯುತ್ತಾರೆ.

ನಮ್ಮ ಅಲಂಕಾರಶಾಸ್ತ್ರದ ಕಡೆ ಸ್ವಲ್ಪ ತಿರುಗುವುದನ್ನು ಓದುಗರು ಮನ್ನಿಸಬೇಕು. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (೧೯೫೩) ಓದಿದ ಪೀಳಿಗೆಯವರಿಗೆ ಇದು ಹಳೆಯ ಚಟ. ರಸಾನುಭವವೆಂದರೇನೆಂದು ವಿವರಿಸುವಾಗ ಅಭಿನವಗುಪ್ತನು ಉದಾಹರಣೆಗೆ ಆರಿಸಿಕೊಂಡದ್ದು ಶೃಂಗಾರದ ಪದ್ಯವನ್ನಲ್ಲ. ‘ಶಾಕುಂತಲ’ದ ಮೊದಲಲ್ಲಿ ದುಷ್ಯಂತನ ಬಾಣಕ್ಕೆ ಬೆದರಿ ಓಡುವ ಜಿಂಕೆಯನ್ನು. ಆ ಜಿಂಕೆ ಇಂಥ ಕಾಲದ್ದು, ಇಂಥ ಕಾಡಿನದು ಎಂಬುದೆಲ್ಲ ಕಳಚಿಹೋಗಿ ಬರಿಯ ಭಯವೊಂದೇ ಸಹೃದಯನ ಕಣ್ಣೆದುರಿಗೆ ನಿಲ್ಲುತ್ತದೆ ಎಂಬುದು ಅವನ ಮತ. ನಾನು ಹೆದರಿದೆ ಎಂದಾಗಲಿ, ಶತ್ರು ಹೆದರಿದ ಎಂದಾಗಲಿ ಅಲ್ಲಿ ಅನ್ನಿಸುವುದಿಲ್ಲ. ಹುಡುಗನ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಸಿಕ್ಕಿತು. ಭಯಕ್ಕೆ ಕಾರಣ ಕೇಳಬಾರದೆಂಬ ಅವನ ಮಾತು ಕಾಶ್ಮೀರದ ಆಚಾರ್ಯನಿಗೆ ತೀರ ಅಪ್ರಿಯವಾಗುತ್ತಿರಲಿಲ್ಲ. ಆದರೆ ಕಾರಣ ಕಳಚಬೇಕಾದರೆ ಮೊದಲು ಕಾರಣವಿರಬೇಕು. ಜಿಂಕೆಗೆ ಬಾಣವಿತ್ತು. ಹೆನ್ರಿಯ ಬಾಣ ಯಾವುದು?

ಭರತನ ಲೆಕ್ಕದಲ್ಲಿ ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ. ಲಿಂಚ್ ಈ ಸೂತ್ರವನ್ನು ಅರಿಯದೆಯೇ ಅಕ್ಷರಶಃ ಪಾಲಿಸಿದ್ದಾನೆ: ಅಸಹ್ಯವನ್ನು ಒತ್ತಿ ಒತ್ತಿ ಅದರಿಂದ ಹೆದರಿಕೆಯನ್ನು ಹಿಂಡಿದ್ದಾನೆ. ಬೀಭತ್ಸದ ಬಣ್ಣ ನೀಲಿ. ಕಪ್ಪು-ಬಿಳುಪಿನ ಚಿತ್ರದಲ್ಲಿ ನೀಲಿಗೆ ಎಡೆಯೆಲ್ಲಿ? ಅದು ಕರಿಯ ಅಂಗಿಯನ್ನು ಎರವಲು ತೊಟ್ಟು ಭಯಾನಕವೆಂದು ಹೇಳಿಕೊಳ್ಳುತ್ತದೆ. ಚಿತ್ರ ಮುಗಿದಾಗ ನನಗೆ ಉಳಿದದ್ದು ಹೊಟ್ಟೆ ತೊಳಸಿದ ಅನುಭವ. ಅದು ಸಣ್ಣದೆನ್ನಲಾರೆ, ತಂದೆಯಾಗಲು ಹೆದರಿದ ಎಳೆಯನೊಬ್ಬನ ಮನಸ್ಸನ್ನು ಅಷ್ಟು ನಿರ್ದಾಕ್ಷಿಣ್ಯವಾಗಿ ಬಿಚ್ಚಿದ ಚಿತ್ರ ಇನ್ನೊಂದನ್ನು ನಾನು ನೋಡಿಲ್ಲ. ಆದರೆ ಆ ಕೋಣೆಯಿಂದ ಹೊರಗೆ ಬಾಗಿಲಿಲ್ಲ. ಎಲ್ಲ ಭಯವೂ ಹೆನ್ರಿಯ ತಲೆಯೊಳಗೇ ಹುಟ್ಟಿ ಅಲ್ಲೇ ಸಾಯುತ್ತದೆ. ಆ ತಾಯಿ ಏನಾದಳು? ಚಿತ್ರಕ್ಕೆ ಅದು ಬೇಕಿಲ್ಲ.

ಕರುಣಕ್ಕೆ ಭರತ ಕೊಟ್ಟ ಬಣ್ಣ ಕಪೋತ, ಎಂದರೆ ಪಾರಿವಾಳದ ಬೂದು. ‘ಘಟಶ್ರಾದ್ಧ’ದ ಬಣ್ಣ ಅದೇ. ರಾಮಚಂದ್ರರ ಕ್ಯಾಮರಾದಲ್ಲಿ ಕಪ್ಪು ಮೆಲ್ಲಮೆಲ್ಲನೆ ಕರಗಿ ಬೂದಿಯಾಗುತ್ತ ಹೋಗುತ್ತದೆ. ಆದರೆ ಶಾಸ್ತ್ರದ ಪ್ರಕಾರ ಕರುಣ ಹುಟ್ಟುವುದು ಭಯಾನಕದಿಂದಲ್ಲ, ರೌದ್ರದಿಂದ. ಹಾಗಾದರೆ ಈ ಚಿತ್ರದಲ್ಲಿ ರೌದ್ರವೆಲ್ಲಿ? ಯಾರೂ ಕಿರುಚುವುದಿಲ್ಲ, ಯಾರೂ ಹೊಡೆಯುವುದಿಲ್ಲ. ಬಹಳ ಹೊತ್ತು ಯೋಚಿಸಿದ ಮೇಲೆ ನನಗೆ ಹೊಳೆದದ್ದು: ಅದು ಮಂತ್ರ ಹೇಳುವ ಆ ತಣ್ಣನೆಯ ಧ್ವನಿಯಲ್ಲಿದೆ. ಹಾಡುಹಗಲಿನಲ್ಲಿ, ಮಡಿಯುಟ್ಟು, ಕ್ರಮ ತಪ್ಪದೆ, ಒಬ್ಬ ತಂದೆ ತನ್ನ ಮಗಳನ್ನು ಸತ್ತವಳೆಂದು ಸಾರುತ್ತಾನೆ. ಕೈ ನಡುಗದ ರೌದ್ರವದು.

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ‘ಘಟಶ್ರಾದ್ಧ’ವನ್ನು ಸಾಮಾಜಿಕ ಚಿತ್ರ, ಕಲಾತ್ಮಕ ಚಿತ್ರ, ಹೊಸ ಅಲೆಯ ಚಿತ್ರ ಎಂದೆಲ್ಲ ಕರೆದು ನಾವು ಅದರ ಹಲ್ಲು ಕಿತ್ತಿದ್ದೇವೆ. ಅದು ಶುದ್ಧವಾದ ದೆವ್ವದ ಕಥೆ. ಪ್ರೇತವೆಂದರೆ ಯಾರು? ಸತ್ತು, ಆದರೆ ಅಪರಕ್ರಿಯೆ ಸಾಗದೆ ನಡುದಾರಿಯಲ್ಲಿ ನಿಂತವನು. ಹನ್ನೆರಡನೆಯ ದಿನ ಸಪಿಂಡೀಕರಣವಾದರೆ ಪ್ರೇತತ್ವ ಕಳೆದು ಪಿತೃವಾಗುತ್ತಾನೆ. ಆಗದಿದ್ದರೆ ಮರದಲ್ಲಿಯೋ ಹಾಳುಗುಡಿಯಲ್ಲಿಯೋ ತಿರುಗುತ್ತಾನೆ. ಇದೇ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿಯವರು ೧೯೭೦ರಲ್ಲಿ ಚಿತ್ರ ಮಾಡಿದಾಗ ಪರದೆಯ ಮೇಲೆ ಬಂದವನು ಇಂಥ ಪ್ರೇತ: ನಾರಣಪ್ಪ ಸತ್ತಿದ್ದಾನೆ, ಸಂಸ್ಕಾರ ಸಾಗದು, ಹೆಣ ನಾರುತ್ತದೆ, ಹದ್ದು ಬಂದು ಮಾಡಿನ ಮೇಲೆ ಕೂರುತ್ತದೆ. ಏಳು ವರ್ಷಗಳ ಮೇಲೆ ಕಾಸರವಳ್ಳಿಯವರು ಅದನ್ನು ತಿರುವಿಹಾಕಿದರು. ಯಮುನಾಳ ಕ್ರಿಯೆ ಸಾಂಗವಾಗಿ ನಡೆದಿದೆ, ಆದರೆ ಅವಳು ಸತ್ತಿಲ್ಲ. ಅಲ್ಲಿ ಶ್ರಾದ್ಧವಿಲ್ಲದ ಸಾವು, ಇಲ್ಲಿ ಸಾವಿಲ್ಲದ ಶ್ರಾದ್ಧ. ಮರದಡಿಯಲ್ಲಿ ಕುಳಿತಿರುವುದು ಉಸಿರಾಡುವ ಪ್ರೇತ. ಎಲ್ಲ ದೆವ್ವದ ಚಿತ್ರಗಳೂ ದೆವ್ವವನ್ನು ಓಡಿಸುವುದರಲ್ಲಿ ಮುಗಿಯುತ್ತವೆ. ಇದು ದೆವ್ವವನ್ನು ಮಾಡುವುದರಲ್ಲಿ ಮುಗಿಯುತ್ತದೆ. ಮಾಡುವವರು ಮಂತ್ರವಾದಿಗಳಲ್ಲ. ಸಂಜೆ ಮನೆಗೆ ಹೋಗಿ ಊಟ ಮಾಡುವ ಸಾಮಾನ್ಯ ಗೃಹಸ್ಥರು.

ಇಷ್ಟು ಹೊಗಳಿದ ಮೇಲೆ ನನ್ನ ಆಕ್ಷೇಪಣೆಯನ್ನೂ ಹೇಳದಿದ್ದರೆ ವಿಮರ್ಶೆಯಾಗದು. ಗರ್ಭ ತೆಗೆಸುವ ರಾತ್ರಿಯ ಸನ್ನಿವೇಶವನ್ನು ಎಲ್ಲರೂ ಕೊಂಡಾಡುತ್ತಾರೆ. ಕೇರಿಯ ಬೆಂಕಿ, ತಮಟೆ, ಕುಣಿತ. ಅದರ ನಡುವೆ ಗುಡಿಸಲ ಕತ್ತಲೆ. ಹೊರಗೆ ನಡುಗುವ ನಾಣಿ. ಕಾರಂತರ ವಾದ್ಯ ಎದೆಯನ್ನೇ ಬಡಿಯುತ್ತದೆ. ಒಪ್ಪಿದೆ. ಆದರೆ ಆ ತಮಟೆ ಬಡಿಯುವವರು ಏತಕ್ಕೆ ಭಯಂಕರರಾಗಿ ಕಾಣಬೇಕು? ಅಗ್ರಹಾರದ ಹುಡುಗನಿಗೆ ಕೇರಿಯ ಹೆದರಿಕೆಯನ್ನು ಹಾಲಿನೊಡನೆ ಕುಡಿಸಿದ್ದಾರೆ. ಅವನಿಗೆ ಹಾಗೆ ಕಾಣುವುದು ಸಹಜ. ಚಿತ್ರವೂ ಅವನ ಕಣ್ಣನ್ನೇ ಎರವಲು ಪಡೆದು ಅಲ್ಲಿಯೇ ನಿಂತುಬಿಟ್ಟಿತೇ ಎಂಬುದು ನನ್ನ ಶಂಕೆ. ತಮಟೆ ಬಡಿಯುವವನಿಗೆ ಅದು ಹಬ್ಬವೋ ದುಡಿಮೆಯೋ ಇರಬಹುದು. ರಾರಾವಿಯಲ್ಲಿ ತಮಟೆಯ ಸದ್ದು ಕೇಳಿ ಹೆದರಿದವರನ್ನು ನಾನು ಕಂಡಿಲ್ಲ. ಊರಮ್ಮನ ಜಾತ್ರೆಯೆಂದು ಹೊರಗೆ ಓಡಿಬರುತ್ತೇವೆ. ಅಗ್ರಹಾರದ ಕ್ರೌರ್ಯವನ್ನು ತೋರಿಸಹೊರಟ ಚಿತ್ರ ತನ್ನ ಅತ್ಯಂತ ದೊಡ್ಡ ಗದ್ದಲದ ಭಯಕ್ಕೆ ಕೇರಿಯನ್ನು ಬಳಸಿಕೊಂಡದ್ದು ನನಗೆ ಸರಿಕಾಣಲಿಲ್ಲ. ಹುಡುಗ ಇಲ್ಲಿ ನನ್ನ ಪಕ್ಷ ಬಿಟ್ಟು ಚಿತ್ರದ ಪಕ್ಷ ಸೇರಿದ. “ನಾಣಿಗ ಹಂಗ ಕಂಡೈತಿ, ಹಂಗ ತೋರಿಸ್ಯಾರ” ಎಂದ. ಇರಬಹುದು. ಆದರೆ ಒಳ್ಳೆಯ ನಿರೂಪಕ ಮಗುವಿನ ಕಣ್ಣಿನಿಂದ ನೋಡುತ್ತಲೇ ಮಗುವಿಗೆ ಕಾಣದ್ದನ್ನು ನಮಗೆ ಕಾಣಿಸುತ್ತಾನೆ. ಚಿತ್ರದ ಮಿಕ್ಕೆಲ್ಲ ಕಡೆ ಕಾಸರವಳ್ಳಿಯವರು ಅದನ್ನೇ ಮಾಡಿದ್ದಾರೆ, ಆದ್ದರಿಂದಲೇ ಕೇಳುತ್ತಿದ್ದೇನೆ.

ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಇದೇ ಪಡಸಾಲೆಯಲ್ಲಿ. ಎಂಬತ್ತರ ದಶಕದ ಒಂದು ಭಾನುವಾರ ಮಧ್ಯಾಹ್ನ, ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಗಳ ಚಿತ್ರಗಳು ಬರುತ್ತಿದ್ದ ಕಾಲ. ಟಿವಿಯೂ ಕಪ್ಪು-ಬಿಳುಪಿನದೇ ಆದ್ದರಿಂದ ಎಲ್ಲ ಚಿತ್ರಗಳೂ ನಮಗೆ ಸಮಾನವಾಗಿದ್ದವು. ಸಿನಿಮಾವೆಂದರೆ ಓಣಿಯ ಮಂದಿಯೆಲ್ಲ ನೆರೆಯುತ್ತಿದ್ದರು. ಅಂದು ಹಾಡಿಲ್ಲ ಕುಣಿತವಿಲ್ಲ ಎಂದು ಅರ್ಧದಲ್ಲಿಯೇ ಎದ್ದುಹೋದರು. ಉಳಿದವರು ನಾವು ನಾಲ್ಕೈದು ಜನ.

ನಮ್ಮ ಮನೆಯಲ್ಲಿ ಆಗ ತಂದೆಯ ಸೋದರತ್ತೆ ಇದ್ದರು. ಕೆಂಪು ಸೀರೆ, ಬೋಳುತಲೆ. ಸೆರಗು ಸರಿದದ್ದನ್ನು ನಾನು ಒಮ್ಮೆಯೂ ಕಂಡವನಲ್ಲ. ಹನ್ನೊಂದನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡರಂತೆ. ಮದುವೆಯ ದಿನದ ನೆನಪಿತ್ತು, ಗಂಡನ ಮುಖದ ನೆನಪಿರಲಿಲ್ಲ. ಅವರು ಸಿನಿಮಾ ನೋಡುತ್ತಿರಲಿಲ್ಲ. ಮಡಿಯ ಅಡುಗೆಮನೆಯಿಂದ ಪಡಸಾಲೆಗೆ ಬರುತ್ತಿದ್ದುದೇ ಅಪರೂಪ. ಅಂದು ಏನು ತೋಚಿತೋ, ಕೊನೆಯ ಕೆಲವು ನಿಮಿಷಗಳ ಹೊತ್ತಿಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಪರದೆಯ ಮೇಲೆ ಮರ, ಮರದ ಕೆಳಗೆ ಯಮುನಾ. ತಾಯಿ ಟಿವಿಯನ್ನು ಆರಿಸಲು ಎದ್ದಳು. ಇವರು ಕೈಸನ್ನೆಯಿಂದ ತಡೆದರು. ಚಿತ್ರ ಮುಗಿದು ಹೆಸರುಗಳು ಬಂದವು. ಯಾರೂ ಮಾತನಾಡಲಿಲ್ಲ. ಅತ್ತರೋ ಎಂದು ನಾನು ಕದ್ದು ನೋಡಿದೆ, ಅಳುತ್ತಿರಲಿಲ್ಲ.

“ಅಲ್ಲೋ,” ಎಂದರು ನನ್ನ ತಂದೆಯ ಕಡೆ ತಿರುಗಿ, “ಆಕಿಗೆ ಇವತ್ತು ಊಟಕ್ಕ ಯಾರು ಹಾಕ್ತಾರ?”

ತಂದೆ ಉತ್ತರ ಹೇಳಲಿಲ್ಲ. ಅವರು ಒಳಗೆ ಹೋದರು. ಪಾತ್ರೆಯ ಸದ್ದು ಕೇಳಿಸಿತು.

ಆ ಮಾತು ನನ್ನನ್ನು ಬಹಳ ಕಾಲ ಕಾಡಿತು. ಒಂದು ಕಾಲದಲ್ಲಿ ಅದನ್ನು ಮುಗ್ಧೆಯ ಮಾತೆಂದುಕೊಂಡಿದ್ದೆ. ಜಾತಿಯ ಪ್ರಶ್ನೆ, ಹೆಣ್ಣಿನ ಪ್ರಶ್ನೆ, ಧರ್ಮದ ಪ್ರಶ್ನೆ ಎಲ್ಲವನ್ನೂ ಬಿಟ್ಟು ಊಟದ ಪ್ರಶ್ನೆ ಕೇಳಿದರಲ್ಲಾ ಎಂದು. ಎಷ್ಟೋ ವರ್ಷಗಳ ಮೇಲೆ ‘ಘಟ’ದ ವಿಧಿಯನ್ನು ಹುಡುಕುತ್ತ ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯಕ್ಕೆ ಬಂದೆ. ಪತಿತನಿಗೆ ಬಂಧುಗಳು ಬದುಕಿರುವಾಗಲೇ ಪ್ರೇತೋದಕ ಬಿಡುವುದು, ದಾಸಿಯೊಬ್ಬಳು ನೀರಿನ ಕೊಡವನ್ನು ಕಾಲಿನಿಂದ ಉರುಳಿಸುವುದು, ಆಮೇಲೆ ಅವನೊಡನೆ ಮಾತು, ಕೊಡುಕೊಳ್ಳುವುದು ಎಲ್ಲ ನಿಲ್ಲುವುದು, ಇವೆಲ್ಲ ಅಲ್ಲಿವೆ. ಪ್ರಾಯಶ್ಚಿತ್ತ ಮಾಡಿಕೊಂಡು ಬಂದವನನ್ನು ಹೊಸ ಕೊಡದೊಡನೆ ಮತ್ತೆ ಸೇರಿಸಿಕೊಳ್ಳುವ ಕ್ರಮವೂ ಇದೆ. ಅದರ ಬೆನ್ನಿಗೇ ಹೆಂಗಸರ ಮಾತು: ಪತಿತೆಯಾದವಳಿಗೂ ಇದೇ ವಿಧಿಯನ್ನು ಮಾಡಬೇಕು; ಆದರೆ ಅವಳಿಗೆ ಬಟ್ಟೆ, ಅನ್ನ, ನೀರು ಕೊಡತಕ್ಕದ್ದು, ಮನೆಯ ಹತ್ತಿರವೇ ಅವಳು ಇರತಕ್ಕದ್ದು.

ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತೆ. ಇದನ್ನು ಔದಾರ್ಯವೆಂದು ಯಾರೂ ಕೊಂಡಾಡಬೇಕಾಗಿಲ್ಲ. ಮನೆಯ ಪಕ್ಕದಲ್ಲಿ ಜೀವಂತ ಹೆಣವನ್ನು ಸಾಕುವ ಏರ್ಪಾಡದು. ನಮ್ಮ ಅಜ್ಜಿಯ ಬಾಳೂ ಹೆಚ್ಚುಕಡಮೆ ಅಂಥದೇ ಅಲ್ಲವೆ? ಅವರೇನೂ ಪತಿತೆಯಲ್ಲ, ತಪ್ಪಿತಸ್ಥೆಯಲ್ಲ. ಆದರೂ ಬಟ್ಟೆ ಕೆಂಪು, ಅನ್ನ ಒಪ್ಪೊತ್ತು, ವಾಸ ಅಡುಗೆಮನೆಯ ಮೂಲೆ. ಅವರು ಮನುಸ್ಮೃತಿ ಓದಿದವರಲ್ಲ, ಓದುಬರಹವೇ ತಿಳಿದವರಲ್ಲ. ಚಿತ್ರದೊಳಗಿನ ಊರಿನಲ್ಲಿ ಏನೋ ಒಂದು ಬಾಕಿ ಉಳಿದಿದೆ ಎಂಬುದು ಮಾತ್ರ ಅವರಿಗೆ ಕೂಡಲೆ ತಿಳಿಯಿತು. ಶಾಸ್ತ್ರ ಬಲ್ಲ ಉಡುಪರು ಅರ್ಧ ಶ್ಲೋಕ ಓದಿ ಎದ್ದರು. ಉಳಿದರ್ಧವನ್ನು ಚೌಕಟ್ಟು ಹಿಡಿದು ನಿಂತ ಈ ಹೆಂಗಸು ಕೇಳಿದರು. ಈ ಚಿತ್ರದ ಮೇಲೆ ನಾನು ಓದಿದ ಎಷ್ಟೋ ಲೇಖನಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿದ್ದನ್ನು ಕಾಣೆ.

ಹೆನ್ರಿಯ ಮಗುವಿನ ವಿಷಯದಲ್ಲಿಯೂ ಅವರು ಅದನ್ನೇ ಕೇಳುತ್ತಿದ್ದರೋ ಏನೋ. ಆ ಚಿತ್ರದಲ್ಲಿ ತಾಯಿ ಚಮಚದಿಂದ ಉಣಿಸಹೋಗುತ್ತಾಳೆ, ಶಿಶು ಉಗುಳುತ್ತದೆ. ಲಿಂಚನಿಗೆ ಅದು ಅಸಹ್ಯದ ಒಂದು ಚಿತ್ರ. ಅಜ್ಜಿಗಾದರೆ, ಹಸಿದ ಕೂಸು.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನಿಗೆ ಅಜ್ಜಿಯ ನೆನಪಿಲ್ಲ. ಅವನು ಹುಟ್ಟುವ ಮೊದಲೇ ತೀರಿಕೊಂಡರು. ಪಣದ ಮಾತನ್ನು ಎತ್ತಲಿಲ್ಲ. ಲ್ಯಾಪ್‌ಟಾಪನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಕೊನೆಯ ದೃಶ್ಯವನ್ನು ಹಿಂದಕ್ಕೆ ಸರಿಸಿ ನಿಲ್ಲಿಸಿದ. ಮರದ ಬುಡದಲ್ಲಿ ಎಲೆಯಾಗಲಿ, ಪಾತ್ರೆಯಾಗಲಿ, ಯಾರಾದರೂ ಇಟ್ಟುಹೋದದ್ದು ಏನಾದರೂ ಇದೆಯೇ ಎಂದು ಪರದೆಗೆ ಮುಖವಿಟ್ಟು ನೋಡಿದ. ಪ್ರತಿ ಸವೆದದ್ದು, ನೆಲವೆಲ್ಲ ಕಪ್ಪು.

“ವೆನಿಸ್‌ನಾಗ ತೋರಿಸಿದ ಪ್ರಿಂಟಿನಾಗ ಕಾಣಬಹುದು, ಮಾಮಾ,” ಎಂದ.